ಕ್ಯಾಂಟನ್ನಿನ ಗಂಜಿ

ದೂರದ ಪ್ರಯಾಣಕ್ಕೆ ಹೊರಟವನನ್ನು ನಲ್ಲೂರಿನವರು ಮೊಟ್ಟಮೊದಲು ಕೇಳುವುದು ಅಲ್ಲಿನ ಊಟದ ಸಂಗತಿಯನ್ನೇ. ಊರೆಷ್ಟು ದೂರ, ಖರ್ಚೆಷ್ಟು, ಭಾಷೆ ಯಾವುದು ಎಂಬುವೆಲ್ಲ ಆಮೇಲಿನ ಮಾತು. 2024ರ ಅಕ್ಟೋಬರಿನಲ್ಲಿ ನಾನು ಸೋದರಮಾವನವರೊಡನೆ ಚೀನಾ ದೇಶಕ್ಕೆ ಹೋಗುವುದು ನಿಶ್ಚಯವಾದಾಗ ಅಜ್ಜಿ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಶಿವಪೂಜೆ ಮುಗಿಸಿ ಎದ್ದವಳೇ ನನ್ನನ್ನು ಕರೆದು, “ಅಲ್ಲೇನ್ ಉಣ್ತಾರೋ ಏನೋ, ನನಗೆ ಗೊತ್ತಿಲ್ಲ. ಹೋಗೋದಾದ್ರೆ ಹೋಗು. ಆದ್ರೆ ಕೊರಳಾಗೆ ಲಿಂಗ ಐತೆ, ಅದನ್ನ ಮರೀಬ್ಯಾಡ” ಎಂದಳು. ನಾನು ಆಗಲೆಂದೆ. ಮಾತು ಕೊಡುವುದು ಎಷ್ಟು ಸುಲಭ! ಅವಲಕ್ಕಿ, ಹುರಿಗಡಲೆ, ಶೇಂಗಾ ಚಟ್ನಿಪುಡಿಗಳಿಂದ ಚೀಲದ ಅರ್ಧ ತುಂಬಿದ್ದರಿಂದ ನನಗೆ ಧೈರ್ಯವೂ ಇತ್ತು.

ಮಾವನವರು ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಯಂತ್ರಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಇಟ್ಟಿದ್ದಾರೆ. ಯಂತ್ರಕ್ಕೆ ಬೇಕಾದ ಮೋಟಾರು, ಬೇರಿಂಗು, ಗೇರುಗಳನ್ನು ನೇರವಾಗಿ ತರಿಸಿದರೆ ನಾಲ್ಕು ಕಾಸು ಉಳಿಯುವುದೆಂದು ಅವರ ಎಣಿಕೆ. ಅದಕ್ಕಾಗಿ ಕ್ಯಾಂಟನ್ನಿನ ಮಹಾಮೇಳಕ್ಕೆ 2019ರಲ್ಲಿ ಒಮ್ಮೆ ಹೋಗಿ ಬಂದಿದ್ದರು. ಈ ಸಲ ಇಂಗ್ಲಿಷು ಮಾತಾಡಲು ಒಬ್ಬ ಜೊತೆಗಿರಲೆಂದು ಬಿ.ಎ. ತರಗತಿಯ ನನ್ನನ್ನು ಆರಿಸಿಕೊಂಡರು. ನನ್ನ ಇಂಗ್ಲಿಷಿನ ಯೋಗ್ಯತೆಯನ್ನು ಬಲ್ಲ ನಮ್ಮ ಅಧ್ಯಾಪಕರು ಇಲ್ಲಿ ನಗಬಹುದು, ನಗಲಿ. ಅಡಿಕೆ ಸುಗ್ಗಿಯ ಹೊತ್ತಿನಲ್ಲಿ ಅಂಗಡಿ ಬಿಟ್ಟು ಹೋಗುವುದೆಂದು ಅತ್ತೆಯವರು ಮುನಿಸಿಕೊಂಡರು. ಅದನ್ನು ಸಮಾಧಾನ ಮಾಡಿ, ಬೆಂಗಳೂರಿನಿಂದ ಬ್ಯಾಂಕಾಕಿಗೆ, ಅಲ್ಲಿಂದ ಗ್ವಾಂಗ್‌ಝೌ ನಗರಕ್ಕೆ ಹಾರಿ ಹದಿನಾಲ್ಕನೆಯ ತಾರೀಖಿನ ರಾತ್ರಿ ಇಳಿದೆವು. ಗ್ವಾಂಗ್‌ಝೌ ಎಂದರೆ ನಮ್ಮ ಹಳೆಯ ಭೂಗೋಳ ಪುಸ್ತಕಗಳ ಕ್ಯಾಂಟನ್. ಗ್ವಾಂಗ್‌ಡಾಂಗ್ ಎಂಬ ಪ್ರಾಂತದ ಹೆಸರು ಪೋರ್ಚುಗೀಸರ ಬಾಯಲ್ಲಿ ಹೊರಳಿ ಹಾಗಾಯಿತಂತೆ. ನನಗೂ ಆ ಹಳೆಯ ಹೆಸರೇ ನಾಲಗೆಗೆ ಒಗ್ಗುತ್ತದೆ.

ಮೇಳದ ವಿಚಾರವನ್ನು ವಿಸ್ತರಿಸುವುದಿಲ್ಲ. 1957ರಿಂದ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಮ್ಮೆ ಶರತ್ಕಾಲದಲ್ಲಿ ಒಮ್ಮೆ, ನಡೆದುಬಂದ ಸಂತೆ ಅದು. ನಾವು ಹೋದದ್ದು 136ನೆಯದು. ಯಂತ್ರಗಳ ಸರದಿ ಅಕ್ಟೋಬರ್ 15ರಿಂದ 19ರವರೆಗೆ. ಪಝೌ ಎಂಬಲ್ಲಿನ ಆ ಮಳಿಗೆಗಳ ಸಾಲಿನಲ್ಲಿ ನಡೆದು ನಡೆದು ನನ್ನ ಕಾಲಿನ ಚಪ್ಪಲಿ ಹರಿದುಹೋಯಿತು ಎಂದಷ್ಟೇ ಹೇಳಿದರೆ ಸಾಕು.

ಊಟದ ಸಂಗತಿಗೆ ಬರೋಣ. ಚೀನೀಯರೇ ಹೇಳುವ ಮಾತು: ಉಣ್ಣುವುದಾದರೆ ಕ್ಯಾಂಟನ್ನಿನಲ್ಲಿ ಉಣ್ಣಬೇಕು. ನೂರು ವರ್ಷ ದಾಟಿದ ಭೋಜನಶಾಲೆಗಳು ಅಲ್ಲಿವೆ. ತಾವ್‌ತಾವ್‌ಜೂ ಎಂಬುದು 1880ರದು. ತಾವರೆಬೀಜದ ಹೂರಣಕ್ಕೆ ಹೆಸರಾದ ಲಿಯೆನ್‌ಶಿಯಾಂಗ್‌ಲೌ 1889ರದು. ಬೆಳಗಾಯಿತೆಂದರೆ ಮುದುಕರು, ಮೊಮ್ಮಕ್ಕಳು, ಪತ್ರಿಕೆ ಹಿಡಿದ ನಿವೃತ್ತರು ಎಲ್ಲರೂ ಇಂಥ ಶಾಲೆಗಳ ದುಂಡುಮೇಜುಗಳ ಸುತ್ತ ನೆರೆಯುತ್ತಾರೆ. ಈ ಕ್ರಮಕ್ಕೆ ‘ಯಂ ಚಾ’ ಎಂದು ಹೆಸರು. ಹಾಗೆಂದರೆ ‘ಚಹಾ ಕುಡಿಯುವುದು’, ಅಷ್ಟೆ. ಚಹಾದ ನೆಪದಲ್ಲಿ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಆವಿಯಲ್ಲಿ ಬೆಂದ ತಿನಿಸುಗಳು ಒಂದರ ಹಿಂದೊಂದು ಬರುತ್ತವೆ, ಮಾತು ಮಧ್ಯಾಹ್ನದವರೆಗೂ ಸಾಗುತ್ತದೆ. ನಮ್ಮ ‘ಚಹಾ’ ಶಬ್ದವೂ ಆ ‘ಚಾ’ ಎಂಬುದರ ಬಳಗವೇ. ‘ಟೀ’ ಎಂಬುದು ಅದೇ ದೇಶದ ಇನ್ನೊಂದು ಸೀಮೆಯ, ಫುಜಿಯನ್ ಕಡೆಯ, ಉಚ್ಚಾರದಿಂದ ಬಂದದ್ದು. ನಮ್ಮ ಬಸ್ಸುನಿಲ್ದಾಣದ ಅಂಗಡಿಯಲ್ಲಿ ಒಬ್ಬ ‘ಟೀ’ ಎಂದೂ ಇನ್ನೊಬ್ಬ ‘ಚಾ’ ಎಂದೂ ಕೂಗುವಾಗ ಚೀನಾದ ಎರಡು ಬಂದರುಗಳು ಒಟ್ಟಿಗೆ ಕೂಗುತ್ತಿವೆಯೆಂದು ಈಗ ನನಗೆ ಅನ್ನಿಸುತ್ತದೆ.

ಹದಿನಾರನೆಯ ತಾರೀಖಿನ ಬೆಳಗ್ಗೆ ಗೇರುಪೆಟ್ಟಿಗೆಯ ವ್ಯಾಪಾರಿಯೊಬ್ಬರು ನಮ್ಮನ್ನು ಇಂಥದೊಂದು ಶಾಲೆಗೆ ಕರೆದೊಯ್ದರು. ಆತ ಕ್ಯಾಂಟನ್ನಿನವರಲ್ಲ, ಉತ್ತರಕ್ಕಿರುವ ಹುನಾನ್ ಪ್ರಾಂತದವರು. ಜೊತೆಗೆ ಆತನ ಕಚೇರಿಯಲ್ಲಿ ಇಂಗ್ಲಿಷು ಬಲ್ಲ ಒಬ್ಬ ತರುಣಿ. ಕುಳಿತೊಡನೆ ಆಕೆ ಮಾಡಿದ ಮೊದಲ ಕೆಲಸವನ್ನು ನೋಡಿ ಮಾವ ಬೆರಗಾದರು. ಬಂದ ಬಿಸಿ ಚಹಾವನ್ನು ಕುಡಿಯದೆ ಬಟ್ಟಲು, ಲೋಟ, ಕಡ್ಡಿಗಳಿಗೆಲ್ಲ ಸುರಿದು ತೊಳೆದು, ಆ ನೀರನ್ನು ಒಂದು ದೊಡ್ಡ ಬೋಗುಣಿಗೆ ಚೆಲ್ಲಿ, ಆಮೇಲೆ ಎರಡನೆಯ ಸಲದ ಚಹಾವನ್ನು ನಮಗೆ ಬಗ್ಗಿಸಿದಳು. “ಇವರು ನಮ್ಮವ್ವನಿಗಿಂತ ಮಡಿ ಕಣೋ” ಎಂದರು ಮಾವ. ನಮ್ಮಜ್ಜಿಯೂ ಹಾಗೆಯೇ, ತೊಳೆದಿಟ್ಟ ಲೋಟವನ್ನು ಮತ್ತೆ ತೊಳೆಯದೆ ನೀರು ಕುಡಿಯುವವಳಲ್ಲ.

ಚಹಾ ಬಗ್ಗಿಸಿದಾಗ ವ್ಯಾಪಾರಿ ಎರಡು ಬೆರಳುಗಳನ್ನು ಮಡಿಸಿ ಮೇಜನ್ನು ಮೆಲ್ಲಗೆ ತಟ್ಟಿದರು. ಉಪಕಾರ ಸ್ಮರಣೆಯಂತೆ ಅದು. ಚಿಯೆನ್‌ಲಾಂಗ್ ಎಂಬ ಚಕ್ರವರ್ತಿ, ಹದಿನೆಂಟನೆಯ ಶತಮಾನದವನು, ಮಾರುವೇಷದಲ್ಲಿ ತಿರುಗುವಾಗ ತನ್ನ ಸೇವಕನಿಗೇ ಚಹಾ ಸುರಿದನಂತೆ. ಎದ್ದು ಅಡ್ಡಬಿದ್ದರೆ ಗುಟ್ಟು ಬಯಲಾದೀತೆಂದು ಸೇವಕ ಬೆರಳುಗಳನ್ನೇ ಮಂಡಿಯಂತೆ ಮಡಿಸಿ ಮೇಜಿನ ಮೇಲೆ ನಮಸ್ಕಾರ ಮಾಡಿದನಂತೆ. ಕಥೆ ನಿಜವೋ ಕಟ್ಟಿದ್ದೋ, ನನಗಂತೂ ಬಹಳ ಹಿಡಿಸಿತು. ಮಾವ ಅಂದಿನಿಂದ ಹೋದಲ್ಲೆಲ್ಲ ಮೇಜು ತಟ್ಟತೊಡಗಿದರು. ಬಿಲ್ಲು ತಂದವನಿಗೂ ತಟ್ಟಿದರು.

ನಾವು ಮಾಂಸ ತಿನ್ನುವವರಲ್ಲವೆಂದು ನಾನು ಮೊದಲೇ ತಿಳಿಸಿದ್ದೆ. ತರುಣಿ ತಲೆಯಾಡಿಸಿ ಬರೆದುಕೊಂಡಳು. ಆದರೆ ಅಲ್ಲಿನವರ ಮಾತಿನಲ್ಲಿ ಬರಿದೇ ‘ಮಾಂಸ’ ಎಂದರೆ ಮುಖ್ಯವಾಗಿ ಹಂದಿಯ ಮಾಂಸ. ಮೀನು, ಸೀಗಡಿ, ಎಲುಬಿನ ಸಾರು ಇವು ಆ ಶಬ್ದದೊಳಗೆ ಅಡಗುವುದಿಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಅಲ್ಲಿಯತನಕ ತಿನಿಸುಪಟ್ಟಿಯನ್ನು ಫೋನಿನ ಅನುವಾದ ಯಂತ್ರಕ್ಕೆ ತೋರಿಸಿ ನಾನೇ ಪರೀಕ್ಷೆ ಮಾಡತೊಡಗಿದೆ. ‘ಫೀನಿಕ್ಸ್ ಪಕ್ಷಿಯ ಉಗುರು’ ಎಂದಿತು ಯಂತ್ರ. ಅದು ಕೋಳಿಯ ಕಾಲು. ‘ಹೆಂಡತಿ ರೊಟ್ಟಿ’ ಎಂದಿತು. ಬೂದುಗುಂಬಳದ ಹೂರಣದ ಒಂದು ಸಿಹಿ, ಪದರಕ್ಕೆ ಹಂದಿಯ ಕೊಬ್ಬು ಬೆರೆಸುವುದು ಅದರ ಹಳೆಯ ಪದ್ಧತಿ. ಪಕ್ಕದ ಮೇಜಿನಲ್ಲಿ ಬೆಳ್ಳಗೆ, ನಮ್ಮ ನೀರುದೋಸೆಯನ್ನು ಸುರುಳಿ ಸುತ್ತಿದಂತೆ ಹೊಳೆಯುತ್ತಿದ್ದ ತಿನಿಸೊಂದನ್ನು ಕಂಡು ಆಸೆಯಾಗಿ ಹುಡುಕಿದರೆ ‘ಕರುಳಿನ ಶಾವಿಗೆ’ ಎಂಬ ಹೆಸರು ಬಂತು. ಮಾವ ಕೈಮುಗಿದರು. ಮೂಲಂಗಿಯ ಕಡುಬೊಂದು ಬಂತು. ತುಂಡು ಮುರಿದು ನೋಡಿದರೆ ಒಳಗೆ ಒಣಸೀಗಡಿಯ ಚೂರು. ಬೇಯಿಸಿದ ಸೊಪ್ಪು ಬಂತು, ಮೇಲೆ ಕಪ್ಪಗಿನ ಗೊಜ್ಜು. ಅದು ಸಿಂಪಿಯ ರಸ. ಆ ಸೀಮೆಯಲ್ಲಿ 1888ರಲ್ಲಿ ಲೀ ಕುಮ್ ಶೆಯುಂಗ್ ಎಂಬಾತ ಕಂಡುಹಿಡಿದದ್ದೆಂದು ಹೇಳುತ್ತಾರೆ. ಸೊಪ್ಪನ್ನೂ ಬಿಡದೆ ಕಾಡಿದ ಆ ಮಹಾನುಭಾವನನ್ನು ನಾನು ಮನಸ್ಸಿನಲ್ಲೇ ಶಪಿಸಿದೆ.

ಹಸಿವು ಹೆಚ್ಚುತ್ತಿತ್ತು. ಆಗ ಪಟ್ಟಿಯ ಕೊನೆಯಲ್ಲಿ, ಇಂಗ್ಲಿಷು ಅಕ್ಷರದಲ್ಲಿ, ನನ್ನ ಕಣ್ಣಿಗೆ ಒಂದು ಶಬ್ದ ಬಿತ್ತು: ‘ಕಾಂಜೀ’. ಇಂಗ್ಲಿಷಿನವರಿಗೆ ಆ ಶಬ್ದ ಹೋದದ್ದು ನಮ್ಮ ಕಡೆಯಿಂದಲೇ. ತಮಿಳರ ಕಂಜಿ, ನಮ್ಮ ಗಂಜಿ, ಹಡಗು ಹತ್ತಿ ಪೂರ್ವದೇಶಗಳಿಗೆಲ್ಲ ತಿರುಗಿ ಚೀನೀಯರ ಅನ್ನದ ಗಂಜಿಗೂ ಇಂಗ್ಲಿಷಿನಲ್ಲಿ ಅದೇ ಹೆಸರಾಗಿ ನಿಂತಿದೆ. ಪರದೇಶದಲ್ಲಿ ಊರಿನವರೊಬ್ಬರು ಎದುರಾದಂತಾಯಿತು. ಗಂಜಿಯಲ್ಲಿ ಏನಿದ್ದೀತು, ಅಕ್ಕಿ ಮತ್ತು ನೀರು! ಜ್ವರ ಬಂದಾಗ ಅಜ್ಜಿ ಕುಡಿಸುತ್ತಿದ್ದದ್ದು ಅದನ್ನೇ ಅಲ್ಲವೆ? ಎರಡು ಬಟ್ಟಲು ಹೇಳಿದೆ.

ಬಂದ ಗಂಜಿ ಹಾಲಿನಂತೆ ಬೆಳ್ಳಗಿತ್ತು. ಒಂದು ಅಗುಳೂ ಕಾಣದಂತೆ ಕರಗಿ, ರೇಷ್ಮೆಯಂತೆ ನುಣುಪಾಗಿತ್ತು. ಮೇಲೆ ಶುಂಠಿಯ ಎಳೆ, ಹಸಿ ಈರುಳ್ಳಿಸೊಪ್ಪಿನ ಚೂರು. ಬಟ್ಟಲು ಖಾಲಿಮಾಡಿ ಇನ್ನರ್ಧ ಹಾಕಿಸಿಕೊಂಡೆ. ಅಷ್ಟು ರುಚಿಯಾದ ಗಂಜಿಯನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಮಾವ ಮಾತ್ರ ಒಂದು ಚಮಚ ಕುಡಿದು, ನನ್ನ ಮುಖವನ್ನೊಮ್ಮೆ ನೋಡಿ, ಸುಮ್ಮನೆ ಮುಂದುವರಿಸಿದರು. ಆ ನೋಟದ ಅರ್ಥ ನನಗಾಗ ಆಗಲಿಲ್ಲ.

ಸೌಜನ್ಯಕ್ಕಾಗಿ ನಾನು ತರುಣಿಯನ್ನು ಕೇಳಿದೆ, ಇದಕ್ಕೆ ಇಷ್ಟು ಸ್ವಾದ ಹೇಗೆ ಬಂತೆಂದು. ಆಕೆ ಅಭಿಮಾನದಿಂದ ಹೇಳಿದಳು: ಬರಿಯ ನೀರಿನಲ್ಲಿ ಬೇಯಿಸಿದರೆ ಇಂಥ ರುಚಿ ಬಾರದು, ಹಂದಿಯ ಎಲುಬನ್ನೂ ಒಣಗಿಸಿದ ಚಿಪ್ಪುಮೀನನ್ನೂ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ, ಆಮೇಲೆ ಎಲುಬನ್ನು ತೆಗೆದುಬಿಡುತ್ತಾರೆ, ನಿಮ್ಮ ಬಟ್ಟಲಿನಲ್ಲಿ ಮಾಂಸದ ಚೂರೂ ಇಲ್ಲ, ನಾನೇ ನೋಡಿ ತರಿಸಿದ್ದೇನೆ.

ಆಕೆಯ ಮೇಲೆ ಸಿಟ್ಟುಗೊಳ್ಳಲು ನನಗೆ ಬಾಯಿಲ್ಲ. ಆಕೆ ನಿಜವಾಗಿಯೂ ನೋಡಿಯೇ ತರಿಸಿದ್ದಳು. ನನ್ನ ಕೈ ತನಗೆ ತಾನೇ ಅಂಗಿಯೊಳಗಿನ ಶಿವದಾರದ ಮೇಲೆ ಹೋಯಿತು. ‘ಕರುಳಿನ ಶಾವಿಗೆ’ಗೆ ಹೆದರಿ ಕೈಬಿಟ್ಟು ‘ಗಂಜಿ’ಯನ್ನು ನಂಬಿ ಉಂಡವನ ಪಾಡು ಇದು. ಆ ಶಾವಿಗೆಗೆ ಸುರುಳಿಯ ಆಕಾರದಿಂದ ಆ ಹೆಸರು ಬಂದದ್ದೆಂದೂ, ಏನೂ ತುಂಬದ ಬರಿಯ ಅಕ್ಕಿಹಿಟ್ಟಿನದೂ ಸಿಗುತ್ತದೆಂದೂ ಆಮೇಲೆ ತಿಳಿಯಿತು. ತಿಳಿದು ಏನು ಫಲ?

ಇಷ್ಟರ ನಡುವೆ ಇನ್ನೊಂದು ವಿನೋದ ನಡೆಯಿತು. ಚನ್ನಗಿರಿ ಸೀಮೆಯ ಓದುಗರಿಗಾಗಿ ಅದನ್ನು ಹೇಳಲೇಬೇಕು. ಊಟವಾದ ಮೇಲೆ ವ್ಯಾಪಾರಿ ಜೇಬಿನಿಂದ ಬಣ್ಣದ ಪೊಟ್ಟಣವೊಂದನ್ನು ತೆಗೆದು, “ಬಿನ್‌ಲಾಂಗ್” ಎಂದು ಮಾವನ ಮುಂದೆ ಹಿಡಿದರು. ಬಿನ್‌ಲಾಂಗ್ ಎಂದರೆ ಅಡಿಕೆ! ಹುನಾನಿನವರಿಗೆ ಅದರ ಚಟ ವಿಪರೀತ. ಬೆಳೆಯುವುದು ಬಹುಪಾಲು ದಕ್ಷಿಣದ ಹೈನಾನ್ ದ್ವೀಪದಲ್ಲಿ, ಅಗಿಯುವುದು ಹುನಾನಿನಲ್ಲಿ. ಮಾವ ಆನಂದದಿಂದ ಒಂದನ್ನು ಬಾಯಿಗೆ ಹಾಕಿಕೊಂಡರು, ಹಾಕಿಕೊಂಡವರು ಬೆಪ್ಪಾದರು. ಅದು ನಾರುನಾರಾದ ಸಿಪ್ಪೆ! ಎಳೆಯ ಅಡಿಕೆಕಾಯಿಯನ್ನು ಸಿಪ್ಪೆಸಹಿತ ಒಣಗಿಸಿ, ಸೀಳಿ, ಸಿಹಿಪಾಕ ಸವರಿ ಅವರು ಅಗಿಯುತ್ತಾರೆ. ನಾವು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಬೋಟನ್ನು ಮಾರಿ, ಸಿಪ್ಪೆಯನ್ನು ತಿಪ್ಪೆಗೆ ಎಸೆಯುತ್ತೇವೆ. “ಸಿಪ್ಪೆ ಸುಲಿಯೋ ಯಂತ್ರಕ್ಕೆ ಸಾಮಾನು ಕೊಳ್ಳಾಕೆ ಇಷ್ಟು ದೂರ ಬಂದ್ರೆ ಸಿಪ್ಪೇನೇ ತಿನ್ನಿಸಿದ್ನಲ್ಲೋ” ಎಂದು ಮಾವ ಬೆವರು ಒರೆಸಿಕೊಂಡರು. ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಚೀನಾ ಸರ್ಕಾರ 2021ರಲ್ಲಿ ರೇಡಿಯೋ ದೂರದರ್ಶನಗಳಲ್ಲಿ ಅಡಿಕೆಯ ಜಾಹೀರಾತನ್ನು ನಿಲ್ಲಿಸಿತು. ಆ ತರುಣಿ ಇದನ್ನು ತನ್ನ ಯಜಮಾನನ ಎದುರಿಗೇ ಹೇಳಿದಳು. ನಮ್ಮ ಸೀಮೆಯಲ್ಲಿ ಈ ಮಾತನ್ನು ಎಷ್ಟು ಮೆಲ್ಲಗೆ ಆಡುತ್ತೇವೆಂದು ನನಗೆ ನೆನಪಾಯಿತು. ಆದರೆ ಅಂದು ನಗುವ ಸ್ಥಿತಿಯಲ್ಲಾಗಲಿ ವಾದಿಸುವ ಸ್ಥಿತಿಯಲ್ಲಾಗಲಿ ನಾನಿರಲಿಲ್ಲ.

ರಾತ್ರಿ ಕೊಠಡಿಯಲ್ಲಿ ಮಾವ ತಾವಾಗಿಯೇ ಮಾತು ತೆಗೆದರು. “ನಿನಗೆ ಇವತ್ತು ಗೊತ್ತಾಯ್ತು. ನನಗೆ ಹೋದ ಸಲಾನೇ ಗೊತ್ತಾಗಿತ್ತು.” 2019ರಲ್ಲಿ ಅವರಿಗೂ ಇಂಥದೇ ಆಗಿತ್ತಂತೆ. ಆಮೇಲೆ ಹತ್ತು ದಿನವೂ ಕೇಳದೆಯೇ ಉಂಡರಂತೆ. ಕೇಳಿದರೆ ಉಪವಾಸ, ಕೇಳದಿದ್ದರೆ ಊಟ. “ಅವ್ವಂಗೆ ಹೇಳಿಲ್ಲ. ನೀನೂ ಹೇಳಬ್ಯಾಡ. ವಯಸ್ಸಾದ ಜೀವ, ಯಾಕೆ ನೋಯಿಸೋದು?” ಎಂದು ದೀಪ ಆರಿಸಿದರು. ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅರಿಯದೆ ಉಂಡದ್ದಕ್ಕಿಂತ ನನ್ನನ್ನು ಕಾಡಿದ್ದು ಇನ್ನರ್ಧ ಬಟ್ಟಲು ಹಾಕಿಸಿಕೊಂಡದ್ದು.

ಮರುದಿನ ಹದಿನೇಳು. ನಮ್ಮಲ್ಲಿ ಭೂಮಿಹುಣ್ಣಿಮೆ. ಆ ಹೊತ್ತಿಗೆ ನಲ್ಲೂರಿನಲ್ಲಿ ಅಜ್ಜಿ ಬೆರಕೆಸೊಪ್ಪು ಬೇಯಿಸಿ, ಬುತ್ತಿ ಕಟ್ಟಿ, ತೋಟದಲ್ಲಿ ಬಸುರಿ ಭೂಮಿತಾಯಿಗೆ ಎಡೆಯಿಡುತ್ತಿರಬೇಕು. ಮೇಳದಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಬಿಡುವು ಮಾಡಿಕೊಂಡು ಮಾವನನ್ನೂ ಎಳೆದುಕೊಂಡು ಹುವಾಲಿನ್ ದೇವಾಲಯಕ್ಕೆ ಹೋದೆ. ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಬಂದ ಬೋಧಿಧರ್ಮ ಆರನೆಯ ಶತಮಾನದಲ್ಲಿ ಚೀನಾದ ನೆಲಕ್ಕೆ ಕಾಲಿಟ್ಟದ್ದು ಅಲ್ಲೇ ಎಂದು ಐತಿಹ್ಯ. ಇಂದು ಸುತ್ತ ಪೇಟೆ, ಹೊಳೆ ದೂರ ಸರಿದಿದೆ. ನಮ್ಮ ‘ಧ್ಯಾನ’ ಅಲ್ಲಿ ‘ಚಾನ್’ ಆಯಿತು, ಜಪಾನಿನಲ್ಲಿ ‘ಝೆನ್’ ಆಯಿತು. ಆ ಪುಣ್ಯಾತ್ಮನಿಗೆ ಬಂದ ಹೊಸತರಲ್ಲಿ ಗಂಜಿಯನ್ನು ಯಾರು ಕಾಯಿಸಿಕೊಟ್ಟರೋ ಎಂಬ ಕ್ಷುದ್ರ ಯೋಚನೆಯೇ ನನ್ನ ತಲೆಯಲ್ಲಿ ಸುಳಿಯಿತು.

ಅಲ್ಲಿಂದ ಬೌದ್ಧರ ಒಂದು ಸಸ್ಯಾಹಾರದ ಶಾಲೆಯನ್ನು ಕೇಳಿ ಕೇಳಿ ಹುಡುಕಿದೆವು. ಬಾಗಿಲಾಚೆಗೂ ಜನ! ಅವರ ಪಂಚಾಂಗದಲ್ಲಿ ಅಂದು ಒಂಬತ್ತನೆಯ ತಿಂಗಳ ಹದಿನೈದು. ತಿಂಗಳ ಒಂದನೆಯ ದಿನ ಮತ್ತು ಹದಿನೈದನೆಯ ದಿನ, ಎಂದರೆ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ, ಮಾಂಸ ಬಿಡುವ ನೇಮ ಅಲ್ಲಿ ಅನೇಕರಿಗೆ ಇದೆ. ಅದಕ್ಕೆ ‘ಜಾಯ್’ ಎಂಬ ಶಬ್ದ. ನಾನು ಮೊದಲ ದಿನವೇ ಕಲಿಯಬೇಕಾಗಿದ್ದ ಶಬ್ದ ಅದೊಂದೇ. ಅದನ್ನು ಹೇಳಿದರೆ ಎಲುಬು, ಮೀನು, ಸಿಂಪಿಯ ರಸ ಎಲ್ಲವೂ ಒಟ್ಟಿಗೆ ಹೊರಬೀಳುತ್ತವೆ; ಬೆಳ್ಳುಳ್ಳಿಯೂ ಹೊರಬೀಳುತ್ತದೆ. ಒಳಗೆ ಕುಳಿತ ಮೇಲೆ ಮಾತ್ರ ಇನ್ನೊಂದು ಪೇಚು. ಬಂದ ತಟ್ಟೆಗಳಲ್ಲಿ ಒಂದು ಮೀನಿನಂತಿತ್ತು, ಒಂದು ಬಾತುಕೋಳಿಯ ಹೋಳಿನಂತಿತ್ತು. ಎಲ್ಲವೂ ಸೋಯಾಹಾಲಿನ ಕೆನೆ, ಅಣಬೆ, ಗೋಧಿಯ ಅಂಟುಗಳಿಂದ ಮಾಡಿದ್ದು. ನೋಡಿದರೆ ಶುದ್ಧವಾದದ್ದು ತಿಂದರೆ ಅಶುದ್ಧ, ನೋಡಿದರೆ ಅಶುದ್ಧವಾದದ್ದು ತಿಂದರೆ ಶುದ್ಧ! ಮಾವ ಕಣ್ಣುಮುಚ್ಚಿಕೊಂಡು ಉಂಡರು. ನನಗೆ ಹಿಡಿಸಿದ್ದು ಅರ್ಹಂತರ ಹೆಸರಿನ ‘ಲೋ ಹಾನ್ ಜಾಯ್’. ಕಾಯಿಪಲ್ಯ, ಅಣಬೆ, ಶಾವಿಗೆಗಳನ್ನು ಕೂಡಿಸಿ ಬೇಯಿಸಿದ್ದು, ನಮ್ಮ ಬೆರಕೆ ಪಲ್ಯದ ದೂರದ ನಂಟ.

ಹಣದ ಪೆಟ್ಟಿಗೆಯ ಬಳಿ ಕುಳಿತಿದ್ದ ಮುದುಕಿ ನನ್ನ ಅವಸ್ಥೆಯನ್ನು ಫೋನಿನ ಅನುವಾದದ ಮೂಲಕ ಕೇಳಿ, ಬಿಲ್ಲಿನ ಹಿಂಬದಿಗೆ ನಿಧಾನವಾಗಿ ಐದು ಸಾಲು ಬರೆದುಕೊಟ್ಟಳು. ಮಾಂಸ ಬೇಡ, ಮೀನು ಸೀಗಡಿ ಬೇಡ, ಮೊಟ್ಟೆ ಬೇಡ, ಎಲುಬಿನ ಸಾರು ಬೇಡ, ಸಿಂಪಿಯ ರಸ ಬೇಡ. ಉಳಿದ ಎರಡು ದಿನ ಆ ಚೀಟಿಯೇ ನಮ್ಮನ್ನು ಕಾಪಾಡಿತು. ಹೋದಲ್ಲೆಲ್ಲ ಮಾಣಿಗಳು ಅದನ್ನು ಓದಿ, ಒಳಗೆ ಹೋಗಿ ಬಾಣಸಿಗನನ್ನು ಕೇಳಿ ಬಂದು, ಇದು ಆಗುತ್ತದೆ ಇದು ಆಗದು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಕ್ಯಾಂಟನ್ನಿನವರು ನಾಲ್ಕು ಕಾಲಿನದರಲ್ಲಿ ಮೇಜೊಂದನ್ನು ಬಿಟ್ಟು ಎಲ್ಲವನ್ನೂ ತಿನ್ನುತ್ತಾರೆಂದು ಆ ಹುನಾನಿನ ವ್ಯಾಪಾರಿ ನಗೆಯಾಡಿದ್ದರು. ಇರಬಹುದು, ಆದರೆ ಪರಸ್ಥಳದವನ ನೇಮಕ್ಕಾಗಿ ಅಡಿಗೆಮನೆಗೆ ಎರಡು ಸಲ ಓಡಿದ್ದನ್ನೂ ನಾನು ಕಂಡಿದ್ದೇನೆ.

ಅಂದು ಸಂಜೆ ಅಜ್ಜಿಯ ಫೋನು ಬಂತು. ಹೊಲದ ಪೂಜೆ ಚೆನ್ನಾಗಾಯಿತೆಂದಳು. “ಹಬ್ಬದ ದಿನ ಏನುಂಡ್ಯಪ್ಪಾ? ನಿನ್ನೆ ಏನುಂಡೆ?” ಎಂದಳು. “ಗಂಜಿ ಉಂಡೆ ಅಜ್ಜಿ” ಎಂದೆ. “ಪಾಪ, ಗಂಜಿ ಕುಡಿದು ದಿನ ಕಳೀತೈತೆ ಕೂಸು” ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಒಂದೂ ಸುಳ್ಳಾಡಿರಲಿಲ್ಲ ನಾನು. ಫೋನು ಇಟ್ಟ ಮೇಲೆ ಮಾವ ನನ್ನತ್ತ ನೋಡಲಿಲ್ಲ.

ಊರಿಗೆ ಬಂದ ಮರುದಿನ ಬೆಳಗ್ಗೆ ಅಜ್ಜಿ ಪೂಜೆಗೆ ಕರೆದಳು. ಮಣೆಯ ಮೇಲೆ ಕುಳಿತವನು ವಿಭೂತಿಗೆ ಕೈಚಾಚಲಾರದೆ ಹೋದೆ. ಎಲ್ಲವನ್ನೂ ಹೇಳಿಬಿಟ್ಟೆ, ಮಾವನ ಹೆಸರನ್ನು ಮಾತ್ರ ಎತ್ತಲಿಲ್ಲ. ಅಜ್ಜಿ ಬಹಳ ಹೊತ್ತು ದೀಪದ ಬತ್ತಿಯನ್ನೇ ಸರಿಮಾಡುತ್ತಿದ್ದಳು. ಕಡೆಗೆ, “ರುಚಿಯಾಗಿತ್ತೇನು?” ಎಂದಳು.

ಇದೊಂದು ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. “ಆಗಿತ್ತು” ಎಂದೆ.

“ಹೂಂ” ಎಂದಳು. ಸ್ವಲ್ಪ ತಡೆದು, “ನಿಮ್ಮ ಮಾವನೂ ಉಂಡನಾ?” ಎಂದಳು. ನಾನು ಸುಮ್ಮನಿದ್ದೆ. “ಹೋದ ಸಲ ಬಂದಾಗ ಎಂಟು ದಿನ ಪೂಜೆಗೆ ಕೂರಲಿಲ್ಲ ಅವನು. ಮೈ ಸರಿಯಿಲ್ಲ ಅಂದ. ಹೆತ್ತೋಳಿಗೆ ತಿಳಿಯಲ್ವಾ?” ಎಂದು ವಿಭೂತಿಯ ಗಟ್ಟಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಅವಳು ಕೇಳಿದ್ದು ಬೇರೆಯೇ: ಅಗುಳು ಕಾಣದಂತೆ ಗಂಜಿ ಕರಗಬೇಕಾದರೆ ಎಷ್ಟು ಹೊತ್ತು ಬೇಯಿಸುತ್ತಾರೆ, ಅಕ್ಕಿಯನ್ನು ನೆನೆಹಾಕುತ್ತಾರೋ ಇಲ್ಲವೋ. ಆ ರಾತ್ರಿ ಒಲೆಯ ಮೇಲೆ ಮೂರು ಗಂಟೆ ಕುದಿಸಿ, ಶುಂಠಿ ಹೆಚ್ಚಿ ಹಾಕಿ ಬಡಿಸಿದಳು. ಕ್ಯಾಂಟನ್ನಿನದರ ಹತ್ತಿರಕ್ಕೂ ಬರಲಿಲ್ಲ. ನಾನು ಎರಡು ಬಟ್ಟಲು ಉಂಡೆ.

2025ರ ಏಪ್ರಿಲಿನ ಮೇಳಕ್ಕೆ ಮಾವ ಒಬ್ಬರೇ ಹೊರಟರು. ಮುದುಕಿ ಬರೆದುಕೊಟ್ಟ ಚೀಟಿಯನ್ನು ಅಜ್ಜಿ ದೇವರಮನೆಯ ಗೂಡಿನಲ್ಲಿ ಇಟ್ಟಿದ್ದಳು. ಹೊರಡುವ ದಿನ ಅದನ್ನು ತಂದು, ಏನೂ ಹೇಳದೆ, ಮಗನ ಅಂಗಿಯ ಜೇಬಿನಲ್ಲಿ ಹಾಕಿದಳು. ಮಾವನೂ ಏನೂ ಹೇಳಲಿಲ್ಲ. ಹತ್ತು ದಿನದ ಮೇಲೆ ತಿರುಗಿ ಬಂದಾಗ ಚೀಟಿಯ ಮಡಿಕೆಗಳು ಹರಿದು, ಒಂದು ಮೂಲೆಗೆ ಚಹಾದ ಕಲೆಯಾಗಿತ್ತು.